ಶೆರಿಫ್ ಆಗಿದ್ದವರೇ ಶೆರಿಫ್‌ಗಳಿಗೆ ಮೂಗುದಾರ ಹಾಕಿದ್ದು ಯಾಕೆ?

2025ರ ನವೆಂಬರ್ 15ಕ್ಕೆ ಅಮೆರಿಕದ ಬಾರ್ಡರ್ ಪ್ಯಾಟ್ರೋಲ್‌ನವರು (ಗಡಿ ಕಾಯೋ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ ಪಡೆ) ನಾರ್ತ್ ಕೆರೊಲೈನಾದ ಶಾರ್ಲೆಟ್ ಊರಿಗೆ ಬಂದಿಳಿದ್ರು. ಗಡಿಯಿಂದ ಎಷ್ಟೋ ದೂರದ ಊರು, ಆದ್ರೂ ಅಕ್ರಮ ವಲಸಿಗರನ್ನ ಹುಡುಕ್ತಾ ಬೀದಿಬೀದಿ ಸುತ್ತಿ ಜನರನ್ನ ಹಿಡಿದ್ರು, ಕೆಲವೇ ದಿನದಲ್ಲಿ 370ಕ್ಕೂ ಹೆಚ್ಚು ಅರೆಸ್ಟ್ ಆಯ್ತು ಅಂತ ಫೆಡರಲ್ ಇಲಾಖೆಯೇ ಹೇಳ್ಕೊಳ್ತು, ಆ ಸೋಮವಾರ ಶಾರ್ಲೆಟ್ ಸ್ಕೂಲುಗಳಿಗೆ ಸುಮಾರು 30 ಸಾವಿರ ಮಕ್ಕಳು ಬರಲೇ ಇಲ್ಲ. ಆಮೇಲೆ ರಾಜ್ಯದ ರಾಜಧಾನಿ ರಾಲಿ, ಡರ್ಹಮ್, ಕ್ಯಾರಿ ಕಡೆಗೂ ಬಂದ್ರು. ಕ್ಯಾರಿ, ಮಾರಿಸ್‌ವಿಲ್ ಅಂದ್ರೆ ಬೆಂಗಳೂರಿನ ಎಷ್ಟೋ ಮನೆಗಳ ಮಕ್ಕಳು ಸೊಸೆಯಂದಿರು ಇರೋ ಜಾಗ, ಹಂಗಾಗಿ ಈ ನ್ಯೂಸ್ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲೂ ಚೆನ್ನಾಗೇ ಓಡಾಡ್ತು.

ಗೊಂದಲ ಶುರುವಾಗೋದು ಇಲ್ಲಿಂದ. ಶೆರಿಫ್‌ಗಳು (ಜಿಲ್ಲೆಯಂಥ ಕೌಂಟಿಗಳಲ್ಲಿ ಜೈಲು ನಡೆಸೋ ಚುನಾಯಿತ ಪೊಲೀಸ್ ಮುಖ್ಯಸ್ಥರು) ವಲಸಿಗರನ್ನ ಹಿಡಿಯೋಕೆ ನಮಗೆ ಸಹಕಾರ ಕೊಡ್ತಿಲ್ಲ, ಜೈಲಿಂದ ಜನರನ್ನ ಬಿಟ್ಟುಬಿಡ್ತಾರೆ, ಅದಕ್ಕೇ ನಾವೇ ಬರಬೇಕಾಯ್ತು ಅಂತ ಫೆಡರಲ್ ಸರ್ಕಾರದವರು ಹೇಳಿದ್ರು. ಆದ್ರೆ ಶೆರಿಫ್‌ಗಳು ಸಹಕಾರ ಕೊಡಲೇಬೇಕು ಅನ್ನೋ ರಾಜ್ಯ ಕಾನೂನು 2024ರ ಡಿಸೆಂಬರ್‌ನಲ್ಲೇ ಬಂದಿದೆ, ಅದನ್ನ ಇನ್ನಷ್ಟು ಬಿಗಿ ಮಾಡಿದ ಎರಡನೇ ಕಾನೂನು 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಇನ್ನೂ ವಿಚಿತ್ರ ಅಂದ್ರೆ, ಈ ಕಾನೂನುಗಳ ಮೂಲ ಮಸೂದೆಗೆ 2019ರಲ್ಲಿ ಮುಖ್ಯ ಪ್ರಾಯೋಜಕರಾಗಿ ಹೆಸರು ಹಾಕಿದವರಲ್ಲಿ ಕಾರ್ಸನ್ ಸ್ಮಿತ್ ಅನ್ನೋ ಶಾಸಕರೂ ಒಬ್ಬರು, ಅವರು ಅದಕ್ಕೂ ಮುಂಚೆ 16 ವರ್ಷ ಶೆರಿಫ್ ಆಗಿದ್ದವರು. ಶೆರಿಫ್ ಆಗಿದ್ದವರು ಶಾಸಕರಾಗಿ ಬಂದು ಶೆರಿಫ್‌ಗಳ ಸ್ವಾತಂತ್ರ್ಯ ಯಾಕೆ ಕಡಿಮೆ ಮಾಡ್ತಾರೆ? ಅದು ಗೊತ್ತಾದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬಿಡಿಸ್ಕೊಳ್ಳತ್ತೆ.

ಶೆರಿಫ್ ಅಂದ್ರೆ ಎಸ್ಪಿ ಅಲ್ಲ

ನಮ್ಮಲ್ಲಿ ಎಸ್ಪಿ ಅಂದ್ರೆ ಐಪಿಎಸ್ ಆಫೀಸರ್, ಪೋಸ್ಟಿಂಗ್ ಕೊಡೋದು ಸರ್ಕಾರ, ಮೇಲಿನವರಿಗೆ ಬೇಡವಾದ್ರೆ ರಾತ್ರೋರಾತ್ರಿ ಎತ್ತಂಗಡಿ. ಅಮೆರಿಕದ ಕೌಂಟಿ ಶೆರಿಫ್‌ಗೆ ಈ ಎತ್ತಂಗಡಿ ಅನ್ನೋದೇ ಇಲ್ಲ. ನಾರ್ತ್ ಕೆರೊಲೈನಾದಲ್ಲಿ 100 ಕೌಂಟಿ, 100 ಶೆರಿಫ್‌ಗಳು, ಎಲ್ಲರೂ ನಾಲ್ಕು ವರ್ಷಕ್ಕೊಮ್ಮೆ ಪಾರ್ಟಿ ಟಿಕೆಟ್ ಮೇಲೆ ನಿಂತು ಗೆದ್ದು ಬರಬೇಕು, ಎಷ್ಟು ಸಲ ಬೇಕಾದ್ರೂ ನಿಲ್ಲಬಹುದು. ರಾಜ್ಯದ ಸಂವಿಧಾನದಲ್ಲೇ ಈ ಹುದ್ದೆ ಬರೆದಿದೆ. (ಮುಂಬೈ, ಕೋಲ್ಕತ್ತಾದಲ್ಲಿ ಬ್ರಿಟಿಷರ ಕಾಲದಿಂದ ಬಂದಿರೋ ಶೆರಿಫ್ ಅನ್ನೋದು ಬರೀ ಅಲಂಕಾರದ ಹುದ್ದೆ, ಅದನ್ನ ಇಲ್ಲಿ ಮರೆತುಬಿಡಿ.)

ಶೆರಿಫ್‌ಗೆ ದುಡ್ಡು ಕೊಡೋದು ಕೌಂಟಿ ಕಮಿಷನರ್‌ಗಳು, ಆದ್ರೆ ಯಾರನ್ನ ಕೆಲಸಕ್ಕೆ ತಗೋಬೇಕು ಯಾರನ್ನ ತೆಗೀಬೇಕು ಅನ್ನೋದು ಕಾನೂನು ಪ್ರಕಾರ ಶೆರಿಫ್ ಒಬ್ಬರ ಕೈಲೇ ಇರತ್ತೆ. ಜೈಲು ನಡೆಸೋದು ಅವರೇ, ಕೋರ್ಟ್ ಕಾವಲು ಅವರದೇ, ಬಾಡಿಗೆ ಕಟ್ಟದವರನ್ನ ಮನೆ ಖಾಲಿ ಮಾಡಿಸೋಕೆ ಬಾಗಿಲಿಗೆ ಬರೋದೂ ಅವರ ಡೆಪ್ಯುಟಿಗಳೇ. ಶಾರ್ಲೆಟ್‌ನಂಥ ದೊಡ್ಡ ಊರಲ್ಲಿ ಬೀದಿ ಗಸ್ತಿಗೆ ಬೇರೆ ಪೊಲೀಸ್ ಡಿಪಾರ್ಟ್‌ಮೆಂಟ್ ಇದೆ, ಹಂಗಾಗಿ ಅಲ್ಲಿ ಶೆರಿಫ್ ಅಂದ್ರೆ ಮುಖ್ಯವಾಗಿ ಜೈಲು. ಹಳ್ಳಿ ಕೌಂಟಿಯಲ್ಲಿ ಪೊಲೀಸ್ ಅಂದ್ರೇ ಶೆರಿಫ್. ಈ ವ್ಯತ್ಯಾಸ ನೆನಪಿರಲಿ, ಮುಂದೆ ಬೇಕಾಗತ್ತೆ.

ಕೆಲಸದಿಂದ ತೆಗೆಯೋದು ಎಷ್ಟು ಕಷ್ಟ ಅನ್ನೋದಕ್ಕೆ ಅದೇ ರಾಜ್ಯದ ಕೊಲಂಬಸ್ ಕೌಂಟಿ ನೋಡಿ. ಅಲ್ಲಿನ ಶೆರಿಫ್ ಜೋಡಿ ಗ್ರೀನ್ ಕಪ್ಪು ಸಿಬ್ಬಂದಿ ಬಗ್ಗೆ ಕೀಳಾಗಿ ಮಾತಾಡಿದ ಆಡಿಯೋ 2022ರಲ್ಲಿ ಹೊರಗೆ ಬಂತು, ಅವರನ್ನ ತೆಗೀಬೇಕು ಅಂತ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರಿ ವಕೀಲರು) ಕೋರ್ಟಿಗೆ ಹೋದ್ರು, ವಿಚಾರಣೆ ದಿನವೇ ಗ್ರೀನ್ ರಾಜೀನಾಮೆ ಕೊಟ್ರು. ಅಲ್ಲಿಗೆ ಮುಗೀತಾ ಅಂದ್ರೆ ಇಲ್ಲ, ಮುಂದಿನ ತಿಂಗಳೇ ಎಲೆಕ್ಷನ್, ಅದರಲ್ಲಿ ಮತ್ತೆ ಗೆದ್ದು ಬಂದ್ರು! ಇನ್ನೊಂದು ಅರ್ಜಿ ಬಿದ್ದ ಮೇಲೆ 2023ರ ಜನವರಿಯಲ್ಲಿ ಎರಡನೇ ಸಲ ರಾಜೀನಾಮೆ. ಗವರ್ನರ್ ಆಗ್ಲಿ ಕೌಂಟಿ ಕಮಿಷನರ್‌ಗಳಾಗ್ಲಿ ಒಂದು ಆರ್ಡರ್ ಹೊರಡಿಸಿ ಶೆರಿಫ್‌ನ ಮನೆಗೆ ಕಳಿಸೋ ಹಂಗಿಲ್ಲ, ವೋಟರ್ ತೆಗೀಬೇಕು ಇಲ್ಲಾ ಕೋರ್ಟ್ ತೆಗೀಬೇಕು.

ಪೆಂಡರ್ ಕೌಂಟಿಯಿಂದ ರಾಲಿಗೆ

ಕಾರ್ಸನ್ ಸ್ಮಿತ್ ಶೆರಿಫ್ ಆಗಿದ್ದು ಪೆಂಡರ್ ಕೌಂಟಿಗೆ. ವಿಲ್ಮಿಂಗ್ಟನ್ ಊರಿಗೆ ಉತ್ತರಕ್ಕೆ, ಒಂದು ಕಡೆ ಸರ್ಫ್ ಸಿಟಿ ಅನ್ನೋ ಬೀಚ್ ಊರು, ಒಳಗಡೆ ಹೊಲ, ಜೌಗು, ನದಿ, ಕೌಂಟಿ ಕೇಂದ್ರ ಬರ್ಗಾ ಒಂದು ಸಣ್ಣ ಪಟ್ಟಣ. 2002ರಿಂದ 2018ರ ತನಕ ಅವರದೇ ಆಫೀಸು. 2018ರ ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್ ಚಂಡಮಾರುತ ಅಲ್ಲೇ ಪಕ್ಕದ ರೈಟ್ಸ್‌ವಿಲ್ ಬೀಚ್ ಹತ್ರ ದಡ ಮುಟ್ಟಿ ದಿನಗಟ್ಟಲೆ ಮಳೆ ಸುರಿಸಿ ಪೆಂಡರ್‌ನ ಮುಳುಗಿಸಿಬಿಡ್ತು. ಇಂಥ ಹೊತ್ತಲ್ಲಿ ಹಳ್ಳಿ ಕೌಂಟಿಯ ಜನಕ್ಕೆ ಸರ್ಕಾರ ಅಂತ ಕಣ್ಣಿಗೆ ಕಾಣೋದು ಶೆರಿಫ್ ಆಫೀಸೇ. ಎರಡು ತಿಂಗಳಲ್ಲಿ ಎಲೆಕ್ಷನ್ ಬಂತು, ರಿಪಬ್ಲಿಕನ್ ಅಭ್ಯರ್ಥಿಯಾಗಿ ಸ್ಮಿತ್ ರಾಜ್ಯದ ಕೆಳಮನೆಗೆ 16ನೇ ಕ್ಷೇತ್ರದಿಂದ ಗೆದ್ರು.

ಇದನ್ನ ಬಡ್ತಿ ಅಂತ ಅಂದ್ಕೊಂಡ್ರೆ ಲೆಕ್ಕ ತಪ್ಪತ್ತೆ. ನಾರ್ತ್ ಕೆರೊಲೈನಾ ಶಾಸಕರ ಮೂಲ ಸಂಬಳ ವರ್ಷಕ್ಕೆ 13,951 ಡಾಲರ್, 1990ರ ದಶಕದಿಂದ ಒಂದು ಡಾಲರ್ ಕೂಡ ಏರಿಲ್ಲ, ಅಧಿವೇಶನ ಇದ್ದಾಗ ದಿನಕ್ಕೆ 104 ಡಾಲರ್ ಭತ್ಯೆ ಸಿಗತ್ತೆ ಅಷ್ಟೆ. ದುಡಿಯೋ ವಯಸ್ಸಿನವರು ಈ ಸಂಬಳಕ್ಕೆ ತಿಂಗಳುಗಟ್ಟಲೆ ರಾಲಿಯಲ್ಲಿ ಕೂತಿರಕ್ಕಾಗಲ್ಲ, ಹಂಗಾಗಿ ಅಲ್ಲಿಗೆ ಹೋಗೋರು ಯಾರು ಅಂದ್ರೆ ವಕೀಲರು, ಸ್ವಂತ ಬಿಸಿನೆಸ್ ಇರೋರು, ಇಲ್ಲಾ ಪೆನ್ಷನ್ ಬರ್ತಿರೋ ರಿಟೈರ್ಡ್ ಜನ. ಮಾಜಿ ಶೆರಿಫ್ ಈ ಅಚ್ಚಿಗೆ ಸರಿಯಾಗಿ ಕೂರ್ತಾರೆ, ಪೆನ್ಷನ್ ಇದೆ, ಕ್ಷೇತ್ರದಲ್ಲಿ ಹೆಸರು ಗೊತ್ತಿಲ್ಲದವರಿಲ್ಲ, ಎಲೆಕ್ಷನ್ ಮಾಡಿ ಅಭ್ಯಾಸವೂ ಇದೆ. ಕಳ್ಕೊಳ್ಳೋದು ಮಾತ್ರ ಕಮ್ಮಿ ಅಲ್ಲ, ನೂರಾರು ಚದರ ಮೈಲಿಗೆ ತಾನೇ ಯಜಮಾನ ಅಂತ ಇದ್ದವರು 120 ಜನರಲ್ಲಿ ಒಬ್ಬರಾಗ್ತಾರೆ. ಅದಕ್ಕೆ ಬದಲಾಗಿ ಸಿಗೋದು ಒಂದೇ, ಮಿಕ್ಕ 99 ಕೌಂಟಿ ಶೆರಿಫ್‌ಗಳು ಏನು ಮಾಡಬೇಕು ಅಂತ ಬರೆಯೋ ಪೆನ್ನು.

ಒಂದೇ ಎಲೆಕ್ಷನ್, ಎರಡು ದಿಕ್ಕು

2018ರ ನವೆಂಬರ್ 6ಕ್ಕೆ ಸ್ಮಿತ್ ಗೆದ್ದ ದಿನವೇ ರಾಜ್ಯದ ಏಳು ದೊಡ್ಡ ಕೌಂಟಿಗಳಲ್ಲಿ ಏಳು ಜನ ಕಪ್ಪು ಶೆರಿಫ್‌ಗಳು ಗೆದ್ರು. ಶಾರ್ಲೆಟ್ ಇರೋ ಮೆಕ್ಲೆನ್‌ಬರ್ಗ್‌ನಲ್ಲಿ ಗ್ಯಾರಿ ಮೆಕ್‌ಫ್ಯಾಡನ್, ರಾಲಿ ಇರೋ ವೇಕ್‌ನಲ್ಲಿ ಜೆರಾಲ್ಡ್ ಬೇಕರ್, ಡರ್ಹಮ್‌ನಲ್ಲಿ ಕ್ಲಾರೆನ್ಸ್ ಬರ್ಕ್‌ಹೆಡ್, ಹೀಗೆ. ಇವರಲ್ಲಿ ಹಲವರು ಪ್ರಚಾರದಲ್ಲೇ ಓಪನ್ ಆಗಿ ಹೇಳಿದ್ದು ಒಂದೇ ಮಾತು, ಇಮಿಗ್ರೇಷನ್ ಪೊಲೀಸ್ ಅಂದ್ರೆ ಐಸ್ ಇಲಾಖೆಗೆ ನಮ್ಮ ಜೈಲು ಕೆಲಸ ಮಾಡಿಕೊಡಲ್ಲ.

ಮೆಕ್ಲೆನ್‌ಬರ್ಗ್ ಕೌಂಟಿ 2006ರಿಂದ 287(ಜಿ) ಅನ್ನೋ ಒಪ್ಪಂದದಲ್ಲಿತ್ತು. ಇದು 1996ರ ಫೆಡರಲ್ ಕಾನೂನಿನ ಒಂದು ಕಲಮು, ಶೆರಿಫ್ ಒಪ್ಪಿದ್ರೆ ಅವರ ಡೆಪ್ಯುಟಿಗಳಿಗೇ ಟ್ರೈನಿಂಗ್ ಕೊಟ್ಟು ಜೈಲೊಳಗೆ ಇಮಿಗ್ರೇಷನ್ ಆಫೀಸರ್ ಕೆಲಸ ಮಾಡಿಸ್ತಾರೆ. ಮೆಕ್‌ಫ್ಯಾಡನ್ ಅಧಿಕಾರಕ್ಕೆ ಬಂದ ತಕ್ಷಣ ಅದನ್ನ ನಿಲ್ಲಿಸಿದ್ರು, ವೇಕ್‌ನಲ್ಲೂ ನಿಂತ್ಹೋಯ್ತು. 2019ರ ಫೆಬ್ರವರಿಯಲ್ಲಿ ಐಸ್‌ನವರು ಒಂದೇ ವಾರದಲ್ಲಿ ರಾಜ್ಯದಾದ್ಯಂತ 200ಕ್ಕೂ ಹೆಚ್ಚು ಜನರನ್ನ ಬೀದಿಯಲ್ಲಿ, ಕೆಲಸದ ಜಾಗದಲ್ಲಿ ಹಿಡಿದ್ರು, ಶೆರಿಫ್‌ಗಳ ಹೊಸ ಪಾಲಿಸಿಯಿಂದಲೇ ಹೀಗಾಗ್ತಿರೋದು, ಇನ್ನು ಮೇಲೆ ಹಿಂಗೇ ಅಂತ ಅವರ ಅಧಿಕಾರಿ ಹೇಳಿದ್ರು. 2025ರಲ್ಲಿ ಕೇಳಿದ ವಾದ ಇದರದ್ದೇ ಮರುಪ್ರಸಾರ.

ಜೈಲಿನ ಕೌಂಟರಲ್ಲಿ ನಡೆಯೋದೇನು

ಯಾರನ್ನೋ ಅರೆಸ್ಟ್ ಮಾಡಿ ಕೌಂಟಿ ಜೈಲಿಗೆ ಕರ್ಕೊಂಡು ಬಂದ್ರು ಅಂದ್ಕೊಳ್ಳಿ. ಮೊದಲು ಬೆರಳಚ್ಚು, ಇಂಕ್ ಅಲ್ಲ, ಗಾಜಿನ ಮೇಲೆ ಬೆರಳಿಟ್ರೆ ಮಷಿನ್ನೇ ಸ್ಕ್ಯಾನ್ ಮಾಡತ್ತೆ. ಆ ಬೆರಳಚ್ಚು ಎಫ್‌ಬಿಐಗೆ ಹೋಗತ್ತೆ, ಅಲ್ಲಿಂದ ತಾನಾಗೇ ಹೋಮ್‌ಲ್ಯಾಂಡ್ ಸೆಕ್ಯೂರಿಟಿ ಡೇಟಾಬೇಸ್‌ಗೂ ಹೋಗತ್ತೆ, ಇದನ್ನ ತಡೆಯೋದು ಯಾವ ಶೆರಿಫ್ ಕೈಲೂ ಇಲ್ಲ. ಅಲ್ಲಿ ಏನಾದ್ರೂ ಸಿಕ್ಕಿದ್ರೆ ಐಸ್‌ನಿಂದ ಜೈಲಿಗೆ ಒಂದು ಫಾರ್ಮ್ ಬರತ್ತೆ, ಅದಕ್ಕೆ ಡಿಟೇನರ್ ಅಂತಾರೆ: ಈ ಮನುಷ್ಯನನ್ನ ಬಿಡೋ ಟೈಮ್ ಆದ ಮೇಲೂ 48 ಗಂಟೆ ತನಕ ಇಟ್ಕೊಂಡಿರಿ, ನಾವು ಬಂದು ಕರ್ಕೊಂಡು ಹೋಗ್ತೀವಿ ಅಂತ.

ಡಿಟೇನರ್ ಅನ್ನೋದು ಜಡ್ಜ್ ಸಹಿ ಮಾಡಿದ ವಾರಂಟ್ ಅಲ್ಲ, ಇಲಾಖೆಯ ಅಧಿಕಾರಿಯೇ ಸಹಿ ಮಾಡಿರೋ ಕೋರಿಕೆ. ಬೇಲ್ ಕಟ್ಟಿ ಆಗಿದೆ, ಬಿಡಲೇಬೇಕು, ಆದ್ರೂ ಇನ್ನೆರಡು ದಿನ ಒಳಗೆ ಇಟ್ರೆ ಅದು ಹೊಸದಾಗಿ ಅರೆಸ್ಟ್ ಮಾಡಿದ ಹಂಗೇ ಅಲ್ವಾ, ಅದಕ್ಕೆ ಆಧಾರ ಏನು ಅಂತ ಪ್ರಶ್ನೆ ಬರತ್ತೆ. 2014ರಲ್ಲಿ ಆರೆಗಾನ್‌ನ ಕ್ಲಾಕಮಸ್ ಕೌಂಟಿಯ ಜೈಲು ಬರೀ ಡಿಟೇನರ್ ನಂಬಿ ಒಬ್ಬ ಹೆಂಗಸನ್ನ ಇಟ್ಕೊಂಡಿದ್ದು ಸಂವಿಧಾನದ ನಾಲ್ಕನೇ ತಿದ್ದುಪಡಿಗೆ (ಸರಿಯಾದ ಆಧಾರ ಇಲ್ಲದೆ ಯಾರನ್ನೂ ಹಿಡಿದಿಡಬಾರದು ಅನ್ನೋದು) ವಿರುದ್ಧ ಅಂತ ಫೆಡರಲ್ ಕೋರ್ಟ್ ಹೇಳ್ತು. ಅದೇ ವರ್ಷ ಇನ್ನೊಂದು ಮೇಲ್ಮನವಿ ಕೋರ್ಟ್ ಡಿಟೇನರ್ ಪಾಲಿಸೋದು ಕಡ್ಡಾಯ ಅಲ್ಲ ಅಂತ ತೀರ್ಪು ಕೊಡ್ತು. ಕೇಸ್ ಬಿದ್ರೆ ದುಡ್ಡು ಕಟ್ಟೋದು ಕೌಂಟಿ, ಐಸ್ ಅಲ್ಲ, ಹಂಗಾಗಿ ಶೆರಿಫ್‌ಗಳಿಗೆ ಹಿಂಜರಿಯೋಕೆ ರಾಜಕೀಯ ಬಿಟ್ಟೂ ಕಾರಣ ಇತ್ತು.

ವಾಷಿಂಗ್ಟನ್ ಯಾಕೆ ಒಂದು ಆರ್ಡರ್ ಮಾಡಬಾರದು?

ಮಾಡಕ್ಕಾಗಲ್ಲ, ಆಗದ ಹಂಗೆ ಮಾಡಿದ್ದೂ ಶೆರಿಫ್‌ಗಳೇ. 1993ರ ಬ್ರೇಡಿ ಕಾನೂನು ಬಂದೂಕು ಕೊಳ್ಳೋರ ಹಿನ್ನೆಲೆ ಚೆಕ್ ಮಾಡೋ ಕೆಲಸವನ್ನ ಸ್ಥಳೀಯ ಶೆರಿಫ್‌ಗಳ ತಲೆಗೆ ಕಟ್ಟಿತ್ತು. ಮೊಂಟಾನಾದ ಶೆರಿಫ್ ಜೇ ಪ್ರಿಂಟ್ಜ್, ಅರಿಜೋನಾದ ಶೆರಿಫ್ ರಿಚರ್ಡ್ ಮ್ಯಾಕ್ ಕೋರ್ಟಿಗೆ ಹೋದ್ರು, 1997ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಫೆಡರಲ್ ಸರ್ಕಾರ ರಾಜ್ಯದ ಅಧಿಕಾರಿಗಳನ್ನ ತನ್ನ ಆಳಿನಂಗೆ ದುಡಿಸ್ಕೊಳ್ಳೋ ಹಂಗಿಲ್ಲ ಅಂತು. ಬಂದೂಕು ಪರ ಇದ್ದ ಬಲಪಂಥದವರು ಆಗ ಹಬ್ಬ ಮಾಡಿದ್ರು. ಇವತ್ತು ಅದೇ ತೀರ್ಪಿನ ನೆರಳಲ್ಲಿ ನಗರದ ಡೆಮೊಕ್ರಾಟ್ ಶೆರಿಫ್‌ಗಳು ಐಸ್‌ಗೆ ಇಲ್ಲ ಅಂತಾರೆ, ವಾಷಿಂಗ್ಟನ್‌ನಲ್ಲಿ ಯಾರೇ ಕೂತಿರ್ಲಿ ಏನೂ ಮಾಡಕ್ಕಾಗಲ್ಲ.

ಆದ್ರೆ ಈ ರಕ್ಷಣೆ ಇರೋದು ಫೆಡರಲ್ ಸರ್ಕಾರದ ಎದುರು ಮಾತ್ರ, ರಾಜ್ಯದ ಎದುರು ಅಲ್ಲ. ಕೌಂಟಿ ಅನ್ನೋದು ರಾಜ್ಯವೇ ಹುಟ್ಟಿಸಿದ್ದು, ಶೆರಿಫ್‌ನ ಕರ್ತವ್ಯ ಏನೇನು ಅಂತ ಬರೆಯೋದು ರಾಜ್ಯದ ಶಾಸಕಾಂಗ. ಅಂದ್ರೆ ಅಧ್ಯಕ್ಷರಿಗೆ ಇಲ್ಲದ ಅಧಿಕಾರ ಪೆಂಡರ್ ಕೌಂಟಿಯಿಂದ ಬಂದ ಒಬ್ಬ ಶಾಸಕರಿಗೆ ಇದೆ. ಇಡೀ ಜಗಳ ರಾಲಿಗೆ ಬಂದು ಕೂತಿದ್ದು ಹಿಂಗೆ.

ವೀಟೋ ಮೇಲೆ ವೀಟೋ

2019ರ ಮಸೂದೆ ಎಚ್‌ಬಿ (ಹೌಸ್ ಬಿಲ್, ಅಂದ್ರೆ ಕೆಳಮನೆ ಮಸೂದೆ) 370. ಪ್ರಾಯೋಜಕರಲ್ಲಿ ಡೆಸ್ಟಿನ್ ಹಾಲ್ (ಈಗ ಅವರೇ ಸ್ಪೀಕರ್) ಮತ್ತೆ ಕಾರ್ಸನ್ ಸ್ಮಿತ್ ಇದ್ರು. ಮೊದಲ ರೂಪಕ್ಕೆ ಶೆರಿಫ್‌ಗಳ ಸಂಘವೇ ಬೇಡ ಅಂತು! ಆಮೇಲೆ ಒಂದು ಬದಲಾವಣೆ ಆಯ್ತು: ಇಟ್ಕೊಳ್ಳೋದಾ ಬಿಡೋದಾ ಅನ್ನೋದನ್ನ ಶೆರಿಫ್ ತೀರ್ಮಾನ ಮಾಡೋ ಬದಲು ಮ್ಯಾಜಿಸ್ಟ್ರೇಟ್‌ನಂಥ ನ್ಯಾಯಾಂಗ ಅಧಿಕಾರಿ ಮುಂದೆ ನಿಲ್ಲಿಸಿ, ಅವರು ಆರ್ಡರ್ ಬರೆದ್ರೆ ಇಟ್ಕೊಳ್ಳೋದು. ಈಗ ಕೈಲಿ ಒಂದು ಆರ್ಡರ್ ಇರತ್ತೆ, ಕೇಸ್ ಬಿದ್ರೆ ತೋರಿಸಬಹುದು, ಸಂಘ ಒಪ್ಕೊಳ್ತು. ಇಮಿಗ್ರೇಷನ್ ಬಗ್ಗೆ ಭಾಷಣ ಮಾಡೋರಿಗೆ ಇದು ಸಣ್ಣ ವಿಷಯ, ಜೈಲು ನಡೆಸಿದವರಿಗೆ ಇದೇ ದೊಡ್ಡ ವಿಷಯ. ಗವರ್ನರ್ ರಾಯ್ ಕೂಪರ್ 2019ರ ಆಗಸ್ಟ್‌ನಲ್ಲಿ ವೀಟೋ ಮಾಡಿದ್ರು, 2022ರಲ್ಲಿ ಬಂದ ಇನ್ನೊಂದು ಮಸೂದೆಗೂ ವೀಟೋ, 2024ರ ಸೆಪ್ಟೆಂಬರ್‌ನಲ್ಲಿ ಎಚ್‌ಬಿ 10ಕ್ಕೂ ವೀಟೋ.

ವೀಟೋ ಮುರಿಯೋಕೆ ಹಾಜರಿದ್ದು ವೋಟ್ ಹಾಕಿದವರಲ್ಲಿ ಐದನೇ ಮೂರು ಭಾಗ ಬೇಕು. 2023ರಲ್ಲಿ ಟ್ರಿಷಾ ಕಾಥಮ್ ಅನ್ನೋ ಡೆಮೊಕ್ರಾಟ್ ಶಾಸಕಿ ಪಾರ್ಟಿ ಬದಲಿಸಿದ್ರಿಂದ ರಿಪಬ್ಲಿಕನ್ನರಿಗೆ ಸರಿಯಾಗಿ 72 ಸಿಕ್ಕಿತ್ತು, 2024ರ ಎಲೆಕ್ಷನ್‌ನಲ್ಲಿ ಅದು 71ಕ್ಕೆ ಇಳೀತು. ಹೊಸ ಸದನ ಕೂರೋ ಮುಂಚೆ, ನವೆಂಬರ್‌ನಲ್ಲೇ, ಎಚ್‌ಬಿ 10ರ ವೀಟೋ ಮುರಿದು ಮುಗಿಸಿದ್ರು.

ಆ ಕಾನೂನಲ್ಲಿ ಒಂದು ತೂತು ಇತ್ತು. 48 ಗಂಟೆ ಲೆಕ್ಕ ಶುರುವಾಗ್ತಿದ್ದಿದ್ದು ಡಿಟೇನರ್ ಕೈಗೆ ಬಂದಾಗಿಂದ. ಮನುಷ್ಯ ಬೇಲ್ ಕಟ್ಟೋಕೆ ನಾಲ್ಕು ದಿನ ತಗೊಂಡ ಅಂದ್ರೆ ಆ 48 ಗಂಟೆ ಜೈಲೊಳಗೇ ಮುಗಿದು ಹೋಗಿರತ್ತೆ, ಬಿಡೋ ಹೊತ್ತಿಗೆ ತಡೆಯೋಕೆ ಏನೂ ಉಳಿದಿರಲ್ಲ. 2025ರ ಎಚ್‌ಬಿ 318 ಅದನ್ನ ಮುಚ್ತು, ಬಿಡುಗಡೆ ಆಗಬೇಕಾದ ಗಳಿಗೆಯಿಂದ 48 ಗಂಟೆ ಅಂತ ಬದಲಿಸ್ತು, ಜೈಲಲ್ಲಿ ವಲಸೆ ಸ್ಟೇಟಸ್ ಚೆಕ್ ಮಾಡಬೇಕಾದ ಕೇಸುಗಳ ಲಿಸ್ಟಿಗೆ ಎಲ್ಲಾ ಫೆಲನಿಗಳನ್ನೂ (ಗಂಭೀರ ಅಪರಾಧ) ಕುಡಿದು ಗಾಡಿ ಓಡಿಸೋದನ್ನೂ ಸೇರಿಸ್ತು. ಹೊಸ ಗವರ್ನರ್ ಜಾಶ್ ಸ್ಟೈನ್, ಹಿಂಸೆ ಮಾಡಿದವರನ್ನ ಗಡಿಪಾರು ಮಾಡಿ ನನ್ನ ತಕರಾರಿಲ್ಲ, ಬಿಡಬೇಕಾದವರನ್ನ ಹೆಚ್ಚುವರಿ 48 ಗಂಟೆ ಇಟ್ಕೊಳ್ಳೋದು ಮಾತ್ರ ಅಸಾಂವಿಧಾನಿಕ ಅನ್ನೋ ಕಾರಣಕ್ಕೆ ವೀಟೋ ಮಾಡಿದ್ರು. ಜುಲೈ 29ಕ್ಕೆ ಅದೂ ಮುರೀತು. ಬೇಕಾಗಿದ್ದ ಒಂದೇ ಒಂದು ವೋಟ್ ಕೊಟ್ಟವರು ಕಾರ್ಲಾ ಕನ್ನಿಂಗ್‌ಹ್ಯಾಮ್, ಡೆಮೊಕ್ರಾಟ್, ಅದೂ ಮೆಕ್‌ಫ್ಯಾಡನ್ ಅವರದ್ದೇ ಮೆಕ್ಲೆನ್‌ಬರ್ಗ್ ಕೌಂಟಿಯವರು.

ಯಾರ ವಾದ ಏನು

ಕಾನೂನು ಪರ ಇರೋರು ಹೇಳೋದು: 100 ಕೌಂಟಿಗೆ 100 ನಿಯಮ ಬೇಡ, ಗಂಭೀರ ಕೇಸಲ್ಲಿ ಸಿಕ್ಕಿಬಿದ್ದವರನ್ನ ಜೈಲಿನ ಬಾಗಿಲಲ್ಲೇ ಒಪ್ಪಿಸಿದ್ರೆ ಎಲ್ಲರಿಗೂ ಸೇಫು, ಅಲ್ಲಿ ಕೈಲಿ ಆಯುಧ ಇರಲ್ಲ, ಅಕ್ಕಪಕ್ಕ ಹೆಂಡತಿ ಮಕ್ಕಳು ಇರಲ್ಲ, ಬೀದಿಯಲ್ಲಿ ಹುಡುಕೋಕೆ ಹೋದ್ರೆ ಸಂಬಂಧ ಇಲ್ಲದವರೂ ಸಿಕ್ಕಿಬೀಳ್ತಾರೆ. ಈ ಕೊನೆ ಮಾತಲ್ಲಿ ಹುರುಳಿದೆ.

ವಿರೋಧ ಇರೋರ ವಾದ ಎರಡು ಮೂರು ಎಳೆಯದ್ದು. ಶೆರಿಫ್ ಗೆದ್ದಿದ್ದೇ ಈ ಪಾಲಿಸಿ ಹೇಳಿ, ಮೆಕ್‌ಫ್ಯಾಡನ್ 2022ರಲ್ಲಿ ಮತ್ತೆ ಗೆದ್ರು, ಹಂಗಿರುವಾಗ ಶಾರ್ಲೆಟ್ ವೋಟರ್‌ಗಳ ತೀರ್ಮಾನವನ್ನ ಬೇರೆ ಊರಿನ ಶಾಸಕರು ಯಾಕೆ ಅಳಿಸಬೇಕು? ಗಂಡ ಹೊಡೀತಾನೆ ಅಂತ ಪೊಲೀಸ್ ಕರೆಯೋ ಹೆಂಗಸಿಗೆ ಈ ಫೋನಿಂದ ಮನೆಯವರೇ ಗಡಿಪಾರಾಗ್ತಾರೆ ಅನ್ನೋ ಭಯ ಇದ್ರೆ ಅವಳು ಕರೆಯಲ್ಲ. ಮತ್ತೆ ಅರೆಸ್ಟ್ ಆದ ಮಾತ್ರಕ್ಕೆ ಅಪರಾಧಿ ಅಲ್ಲ, ಈ ಕಾನೂನು ಲೆಕ್ಕಕ್ಕೆ ತಗೊಳ್ಳೋದು ಚಾರ್ಜ್ ಅನ್ನ, ಶಿಕ್ಷೆಯನ್ನ ಅಲ್ಲ. ಹೆಚ್ಚುವರಿ ದಿನಗಳ ಜೈಲು ಖರ್ಚು ಕೌಂಟಿಯ ಪ್ರಾಪರ್ಟಿ ಟ್ಯಾಕ್ಸ್‌ನಿಂದಲೇ ಹೋಗೋದು ಬೇರೆ ಮಾತು.

ನನಗೆ ಕಾಣೋದು ಇಷ್ಟು. ಶೆರಿಫ್‌ನ ಸ್ವಾತಂತ್ರ್ಯವನ್ನ ಅತಿ ಹೆಚ್ಚು ಹೊಗಳಿಕೊಂಡು ಬಂದಿದ್ದು ಹಳ್ಳಿ ಕೌಂಟಿಯ ರಿಪಬ್ಲಿಕನ್ ಶೆರಿಫ್‌ಗಳು, ನಗರದ ಶೆರಿಫ್‌ಗಳು ಅದೇ ಸ್ವಾತಂತ್ರ್ಯವನ್ನ ಬೇರೆ ದಿಕ್ಕಿಗೆ ಬಳಸಿದಾಗ ಅದು ಇದ್ದಕ್ಕಿದ್ದಂಗೆ ಸಮಸ್ಯೆ ಆಯ್ತು. ಈ ಕಾನೂನಿನ ಭಾರ ಬಿದ್ದಿದ್ದು ಮುಖ್ಯವಾಗಿ ಒಲ್ಲೆ ಅಂದಿದ್ದ ದೊಡ್ಡ ಕೌಂಟಿಗಳ ಮೇಲೆ. ಮೊದಲಿಂದಲೂ ಡಿಟೇನರ್ ಪಾಲಿಸ್ತಿದ್ದವರಿಗೆ ಬದಲಾಗಿದ್ದು ಬರೀ ಕಾಗದಪತ್ರ.

ಪಿಸ್ತೂಲು ಪರ್ಮಿಟ್ ನೋಡಿದ್ರೆ

ಹಂಗಂತ ಶೆರಿಫ್ ಅಧಿಕಾರ ಕತ್ತರಿಸೋದೆಲ್ಲ ಶೆರಿಫ್‌ಗಳ ವಿರುದ್ಧವೇ ಅಂತಲ್ಲ. ನಾರ್ತ್ ಕೆರೊಲೈನಾದಲ್ಲಿ ಪಿಸ್ತೂಲು ಕೊಳ್ಳೋಕೆ ಶೆರಿಫ್ ಹತ್ರ ಪರ್ಮಿಟ್ ತಗೋಬೇಕು, ಅವರು ಅರ್ಜಿ ಹಾಕಿದವನ ನಡತೆ ನೋಡಬೇಕು ಅನ್ನೋ ಕಾನೂನು 1919ರಿಂದ ಇತ್ತು. ಕಪ್ಪು ಜನರ ಕೈಗೆ ಬಂದೂಕು ಹೋಗದಂಗೆ ನೋಡ್ಕೊಳ್ಳೋಕೇ ಇದನ್ನ ಬಳಸ್ತಿದ್ರು ಅಂತ ತೆಗೀಬೇಕು ಅನ್ನೋರು ಹೇಳಿದ್ರು, ತೆಗೆದ್ರೆ ಖಾಸಗಿಯಾಗಿ ಕೈಬದಲಾಗೋ ಪಿಸ್ತೂಲಿಗೆ ಯಾವ ಚೆಕ್ಕೂ ಇರಲ್ಲ ಅಂತ ಇರಲಿ ಅನ್ನೋರು. 2021ರ ಹೊತ್ತಿಗೆ ಶೆರಿಫ್‌ಗಳ ಸಂಘವೇ ಇದು ಬೇಡ ಅಂತು. 2023ರ ಮಾರ್ಚ್ 29ಕ್ಕೆ ಕೆಳಮನೆಯಲ್ಲಿ ವೀಟೋ ಮುರಿದ ಲೆಕ್ಕ 71-46, ಆಗ ರಿಪಬ್ಲಿಕನ್ನರು ಇದ್ದಿದ್ದೇ 71, ಮೂರು ಜನ ಡೆಮೊಕ್ರಾಟರು ಸದನದಲ್ಲಿ ಇರಲಿಲ್ಲ, ಅಷ್ಟಕ್ಕೇ ಆಗಿಹೋಯ್ತು. ಬಂದೂಕಿನಲ್ಲಿ ಶೆರಿಫ್ ವಿವೇಚನೆ ಬೇಡ, ಇಮಿಗ್ರೇಷನ್‌ನಲ್ಲೂ ಬೇಡ, ಎರಡೂ ಕಡೆ ಶೆರಿಫ್ ಕೈಲಿದ್ದ ತೀರ್ಮಾನ ಶಾಸಕಾಂಗದ ಪುಸ್ತಕಕ್ಕೆ ಹೋಯ್ತು.

ಇದು ಒಂದೇ ರಾಜ್ಯದ ಕಥೆ ಅಲ್ಲ. ಟೆಕ್ಸಸ್‌ನಲ್ಲಿ ಜಾಕ್ಸನ್ ಕೌಂಟಿಯ ಶೆರಿಫ್ ಆಗಿದ್ದ ಎ.ಜೆ. ಲೌಡರ್‌ಬ್ಯಾಕ್ 2024ರಲ್ಲಿ ಕೆಳಮನೆಗೆ ಆಯ್ಕೆಯಾದ್ರು, 2025ರಲ್ಲಿ ಅಲ್ಲಿನ ಶಾಸಕಾಂಗ ಇನ್ನೂ ಮುಂದೆ ಹೋಗಿ ಜೈಲು ನಡೆಸೋ ಶೆರಿಫ್‌ಗಳು 287(ಜಿ) ಒಪ್ಪಂದವನ್ನೇ ಮಾಡ್ಕೊಳ್ಳಬೇಕು ಅನ್ನೋ ಕಾನೂನು ತಂತು.

ಕಾನೂನು ಇದ್ರೂ ಬಾರ್ಡರ್ ಪ್ಯಾಟ್ರೋಲ್ ಬಂದಿದ್ದು ಯಾಕೆ

ಈಗ ಮೊದಲ ಗೊಂದಲಕ್ಕೆ ಬರೋಣ. ಎಚ್‌ಬಿ 10, ಎಚ್‌ಬಿ 318 ಎರಡೂ ಜೈಲೊಳಗೆ ಬಂದವರಿಗೆ ಮಾತ್ರ. ಅರೆಸ್ಟೇ ಆಗದವರು ಶೆರಿಫ್ ಜೈಲಿಗೆ ಬರೋದೇ ಇಲ್ಲ, ಅವರ ಮೇಲೆ ಡಿಟೇನರ್ ಇರಲ್ಲ, ಶೆರಿಫ್ ಎಷ್ಟೇ ಸಹಕಾರ ಕೊಟ್ರೂ ಅವರು ಸಿಗಲ್ಲ. ಬೀದಿ ಕಾರ್ಯಾಚರಣೆ ಹುಡುಕ್ತಿದ್ದಿದ್ದು ಅವರನ್ನೂ ಸೇರಿಸಿ. ಹಳೇ ಡಿಟೇನರ್‌ಗಳನ್ನ ಪಾಲಿಸಿಲ್ಲ ಅಂತ ಫೆಡರಲ್‌ನವರು ಹೇಳಿದ್ದು ಕಾರಣಗಳಲ್ಲಿ ಒಂದಿರಬಹುದು, ಆದ್ರೆ ಜೈಲಲ್ಲಿ ಒಪ್ಪಿಸಿದ್ರೆ ಬೀದಿಗೆ ಬರಲ್ಲ ಅನ್ನೋ 2019ರ ಮಾತು ಎರಡನೇ ಕಾನೂನು ಜಾರಿಗೆ ಬಂದ ಏಳನೇ ವಾರಕ್ಕೇ ಬಿದ್ದುಹೋಯ್ತು. ಎಚ್‌ಬಿ 318 ತಂದವರಿಗೆ ಇದು ಮುಜುಗರ ಆಗಬೇಕಿತ್ತು, ಯಾರೂ ಹಂಗೆ ತೋರಿಸ್ಕೊಳ್ಳಲಿಲ್ಲ ಅಷ್ಟೆ.

ಮುಂದೆ

ಅಲ್ಲಿರೋ ನಮ್ಮವರಿಗೆ ಇದರಿಂದ ಏನು ಅಂದ್ರೆ, ಎಚ್-1ಬಿ ಸ್ಟೇಟಸ್ ಸರಿಯಾಗಿರೋರ ಮೇಲೆ ಡಿಟೇನರ್ ಬರೋದು ಸಾಮಾನ್ಯ ಅಲ್ಲ. ಆದ್ರೆ ಲಿಸ್ಟಲ್ಲಿ ಈಗ ಕುಡಿದು ಡ್ರೈವಿಂಗ್ ಸೇರಿದೆ, ಪಾರ್ಟಿ ಮುಗಿಸ್ಕೊಂಡು ಬರ್ತಾ ಸಿಕ್ಕಿಬಿದ್ದ ಇಂಜಿನಿಯರ್‌ಗೂ ಆ ರಾತ್ರಿ ಜೈಲಲ್ಲಿ ಸ್ಟೇಟಸ್ ಚೆಕ್ ಆಗತ್ತೆ. ಈ ಅರೆಸ್ಟ್ ಆದ್ರೆ ಪಾಸ್‌ಪೋರ್ಟಲ್ಲಿರೋ ವೀಸಾ ರದ್ದು ಮಾಡೋ ಪದ್ಧತಿ ಅಮೆರಿಕದ ವಿದೇಶಾಂಗ ಇಲಾಖೆಗೆ 2015ರಿಂದಲೇ ಇದೆ. ಎಚ್-4 (ಎಚ್-1ಬಿ ಇರೋರ ಗಂಡ, ಹೆಂಡತಿ, ಮಕ್ಕಳಿಗೆ ಸಿಗೋದು) ಅವಧಿ ಮುಗಿದು ಹೊಸದಕ್ಕೆ ಅರ್ಜಿ ಹಾಕಿ ಕಾಯ್ತಿರೋರಂಥವರು ಮೊದಲೇ ವಕೀಲರ ನಂಬರ್ ಇಟ್ಕೊಂಡಿದ್ರೆ ಒಳ್ಳೇದು.

2026 ಮತ್ತೆ ಶೆರಿಫ್ ಎಲೆಕ್ಷನ್ ವರ್ಷ, ಶಾಸಕಾಂಗದ್ದೂ ಅದೇ ದಿನ. ಡಿಟೇನರ್ ಪಾಲಿಸಲ್ಲ ಅಂತ 2018ರಲ್ಲಿ ಹೇಳಿ ಗೆದ್ದ ಹಂಗೆ ಈಗ ಯಾರೂ ಹೇಳೋ ಹಂಗಿಲ್ಲ, ಆ ಭರವಸೆ ಕಾನೂನಿಗೇ ವಿರುದ್ಧ. ಶೆರಿಫ್ ಕೈಲಿ ಇನ್ನೂ ಉಳಿದಿರೋದು 287(ಜಿ) ಒಪ್ಪಂದಕ್ಕೆ ಸಹಿ ಹಾಕೋದಾ ಬೇಡವಾ ಅನ್ನೋದು, ನಾರ್ತ್ ಕೆರೊಲೈನಾ ಶೆರಿಫ್‌ಗಳಿಗೆ ಅದನ್ನ ಇನ್ನೂ ಕಡ್ಡಾಯ ಮಾಡಿಲ್ಲ. ಟೆಕ್ಸಸ್ ಮಾಡಿ ಆಗಿದೆ, ರಾಲಿಯಲ್ಲಿ ಮುಂದಿನ ಮಸೂದೆ ಎಲ್ಲಿಂದ ಶುರುವಾಗತ್ತೆ ಅಂತ ಊಹಿಸೋದು ಕಷ್ಟ ಅಲ್ಲ.